ಪಿರಮಿಡ್ ಪಕ್ಷ ಮತ್ತು ಮಧುಗಿರಿ ಸೀಮೆ: ಅತೀಂದ್ರಿಯ ನಂಬಿಕೆಯ ರಾಜಕಾರಣ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ಮಧುಗಿರಿ ಉಪವಿಭಾಗವೆನಿಸಿವೆ. ಶಿಕ್ಷಣ ಇಲಾಖೆಯ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದವೂ ಇವೇ ನಾಲ್ಕು. ಆಡಳಿತದ ಈ ಒಗ್ಗೂಡಿಕೆಗೆ ಭೂಗೋಳದ ಆಧಾರವೂ ಇದೆ. ಏಕಶಿಲೆಯ ಬೆಟ್ಟಗಳು, ಗಿರಿದುರ್ಗಗಳು, ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲಗಳು, ಕುರಿಹಿಂಡುಗಳು ಇವು ಈ ಸೀಮೆಯ ಸಮಾನ ಲಕ್ಷಣಗಳು. ಪಾವಗಡವಂತೂ ಮೂರು ಕಡೆಗಳಲ್ಲಿ ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಇದು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯ ನಡುವೆ ಚಾಚಿಕೊಂಡ ನೆಲವಾಗಿತ್ತು. ಇಲ್ಲಿನ ಸಂತೆ, ಮದುವೆ, ಮನೆಮಾತುಗಳಲ್ಲಿ ಕನ್ನಡ ತೆಲುಗುಗಳು ಜೊತೆಜೊತೆಯಾಗಿ ನಡೆದುಬಂದಿವೆ. ಆದಕಾರಣ ಪೂರ್ವದಲ್ಲಿ ಹುಟ್ಟಿದ ಧಾರ್ಮಿಕ ಹಾಗೂ ರಾಜಕೀಯ ಚಳವಳಿಗಳಿಗೆ ಪಾವಗಡದ ಬಾಗಿಲು ಸದಾ ತೆರೆದೇ ಇತ್ತು. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಡೆದ ನಕ್ಸಲೀಯರ ದಾಳಿ ಅಂಥ ಒಂದು ಚಳವಳಿಯ ರಕ್ತಸಿಕ್ತ ಗುರುತು. ರಕ್ತವಿಲ್ಲದ, ಸದ್ದಿಲ್ಲದ, ಇತಿಹಾಸಕಾರರು ಅಷ್ಟಾಗಿ ಗಮನಿಸದ ಇನ್ನೊಂದು ಚಳವಳಿಯೂ ಅದೇ ದಿಕ್ಕಿನದು. ಕರ್ನೂಲಿನಲ್ಲಿ ಮೊಳೆತ ಪಿರಮಿಡ್ ಧ್ಯಾನ ಚಳವಳಿ ಮತ್ತು ಅದರ ಒಡಲಿನಿಂದ 1999ರಲ್ಲಿ ಹೊರಬಂದ ಪಿರಮಿಡ್ ಪಾರ್ಟಿ ಆಫ್ ಇಂಡಿಯಾ ಎಂಬ ರಾಜಕೀಯ ಪಕ್ಷ ಪ್ರಸ್ತುತ ಅಧ್ಯಯನದ ವಸ್ತು.

ಈ ಪಕ್ಷ ಸಣ್ಣದು. ಲೋಕಸಭೆಯಲ್ಲಾಗಲಿ ಯಾವುದೇ ವಿಧಾನಸಭೆಯಲ್ಲಾಗಲಿ ಒಂದು ಸ್ಥಾನವನ್ನೂ ಗೆದ್ದುದಲ್ಲ. ಆದರೂ ಇದರ ಸೋಲು ಅಭ್ಯಾಸಯೋಗ್ಯವಾದುದು. ಗ್ರಹಬಲ, ಮಂತ್ರಬಲ, ಭವಿಷ್ಯವಾಣಿಗಳಲ್ಲಿ ಆಳವಾದ ನಂಬಿಕೆಯುಳ್ಳ ಸೀಮೆಗಳ ಅಂಚಿನಲ್ಲೇ ಹುಟ್ಟಿ ಬೆಳೆದು, ಅತೀಂದ್ರಿಯ ಶಕ್ತಿಯನ್ನೇ ತನ್ನ ಕಾರ್ಯಕ್ರಮವಾಗಿಸಿಕೊಂಡ ಪಕ್ಷವೊಂದಕ್ಕೆ ಮತದಾರರು ಮಾತ್ರ ಏಕೆ ಒಲಿಯಲಿಲ್ಲ ಎಂಬ ಪ್ರಶ್ನೆ, ಜನರ ನಂಬಿಕೆಗೂ ಅವರ ರಾಜಕೀಯ ವಿವೇಕಕ್ಕೂ ಇರುವ ಸಂಬಂಧದ ಮೇಲೆ ಬೆಳಕು ಚೆಲ್ಲುತ್ತದೆ.

ಮೊದಲು ಈ ನೆಲದ ನಂಬಿಕೆಯ ಸ್ವರೂಪವನ್ನು ಗಮನಿಸಬೇಕು. ಪಾವಗಡ ಪಟ್ಟಣದ ಶನಿಮಹಾತ್ಮ ದೇವಾಲಯಕ್ಕೆ ಕರ್ನಾಟಕ ಆಂಧ್ರಗಳೆರಡರಿಂದಲೂ ಭಕ್ತರು ಬರುತ್ತಾರೆ. ಶ್ರಾವಣದ ಶನಿವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾಡೇಸಾತಿಯ ಭಯಕ್ಕೆ ಪಕ್ಷಭೇದವಿಲ್ಲವೆಂಬುದು ಅಲ್ಲಿ ಎಳ್ಳುಬತ್ತಿ ಹಚ್ಚುವವರನ್ನು ಕಂಡರೆ ತಿಳಿಯುತ್ತದೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿ ಸಂಪತ್ತನ್ನು ಕರುಣಿಸುವ ದೇವತೆಯೆಂದು ಖ್ಯಾತಳು. ಅದೇ ತಾಲ್ಲೂಕಿನ ಸಿದ್ಧರಬೆಟ್ಟದ ಗುಹೆಗಳು ಸಿದ್ಧಪುರುಷರ ನೆಲೆಯೆಂದೂ ಅಲ್ಲಿನ ಗಿಡಮೂಲಿಕೆಗಳು ಅಪೂರ್ವವಾದುವೆಂದೂ ಪ್ರತೀತಿಯಿದೆ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ, ಶಿರಾದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕಾಲದ ಮಲಿಕ್ ರಿಹಾನ್ ದರ್ಗಾ, ಕಾಡುಗೊಲ್ಲರ ಜುಂಜಪ್ಪ ಹೀಗೆ ಈ ಪಟ್ಟಿ ಬೆಳೆಯುತ್ತದೆ. ಇವೆಲ್ಲವುಗಳಲ್ಲೂ ಒಂದು ಸಮಾನ ಗುಣವಿದೆ. ಇಲ್ಲಿನ ನಂಬಿಕೆ ಹರಕೆಯ ರೂಪದ್ದು. ಇಂಥ ಊರಿನ ಇಂಥ ದೈವಕ್ಕೆ, ಇಂಥ ಕಷ್ಟ ನೀಗಿದರೆ, ಇಂಥದ್ದನ್ನು ಒಪ್ಪಿಸುತ್ತೇನೆ ಎಂಬ ಕರಾರು ಅದು. ಕೊಡುವವನೂ ಪಡೆಯುವವನೂ ಪರಸ್ಪರ ಪರಿಚಿತರು. ಸ್ಥಳ ನಿಶ್ಚಿತ, ಕಾಣಿಕೆ ನಿಶ್ಚಿತ, ಗಡುವೂ ಬಹುಮಟ್ಟಿಗೆ ನಿಶ್ಚಿತ. ಚುನಾವಣೆಗೆ ನಿಂತ ಅಭ್ಯರ್ಥಿ ನಾಮಪತ್ರವನ್ನು ದೇವರ ಮುಂದಿಟ್ಟು ಪೂಜಿಸುವುದು, ರಾಹುಕಾಲ ಕಳೆದ ಮೇಲೆ ಕಚೇರಿಯ ಮೆಟ್ಟಿಲೇರುವುದು ಇದೇ ಕರಾರಿನ ವಿಸ್ತರಣೆ. ಅದು ಅಭ್ಯರ್ಥಿಯ ಸ್ವಂತ ವ್ಯವಹಾರವೇ ಹೊರತು ಪ್ರಣಾಳಿಕೆಯ ಮಾತಲ್ಲ.

ಹರಕೆಯ ಜೊತೆಗೆ ಈ ಸೀಮೆಯಲ್ಲಿ ಬಳಕೆಯಲ್ಲಿರುವ ಇನ್ನೊಂದು ಪರಂಪರೆ ಕಾಲಜ್ಞಾನದ್ದು. ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮೇಂದ್ರರ ತೆಲುಗು ಕಾಲಜ್ಞಾನ, ಕೈವಾರದ ನಾರಾಯಣ ತಾತಯ್ಯನವರ ಕಾಲಜ್ಞಾನ, ಶರಣ ಪರಂಪರೆಯ ಕನ್ನಡ ಕಾಲಜ್ಞಾನ ವಚನಗಳು ಗಡಿನಾಡಿನ ಎರಡೂ ಭಾಷೆಗಳ ಜನರಿಗೆ ಪರಿಚಿತವಾದುವು. ಕಾಲಜ್ಞಾನ ಎಂದಿಗೂ ರಾಜಕೀಯ ಸಾಹಿತ್ಯವೇ. ರಾಜ್ಯಗಳು ಅಳಿಯುವುದು, ಅರಸರು ಬದಲಾಗುವುದು, ನ್ಯಾಯ ತಲೆಕೆಳಗಾಗುವುದು ಅದರ ಸ್ಥಾಯಿ ವಸ್ತುಗಳು. ಆದರೆ ಅದನ್ನು ಜನ ಓದುವ ಕ್ರಮ ಕುತೂಹಲಕರವಾಗಿದೆ. ಘಟನೆ ನಡೆದುಹೋದ ಬಳಿಕವೇ ಅದರ ಭವಿಷ್ಯವಾಣಿ ದೊರೆಯುತ್ತದೆ. ಇಂದಿರಾ ಗಾಂಧಿಯವರು ಪ್ರಧಾನಿಯಾದ ಮೇಲೆ ಬ್ರಹ್ಮಂಗಾರು ವಿಧವೆಯೊಬ್ಬಳ ಆಳ್ವಿಕೆಯನ್ನು ಮೊದಲೇ ಹೇಳಿದ್ದರೆಂಬ ಮಾತು ಹಬ್ಬಿತು. ಬಣ್ಣ ಹಚ್ಚಿದವರು ನಾಡನ್ನಾಳುವ ಭವಿಷ್ಯ ಎನ್.ಟಿ. ರಾಮರಾವ್ ಅವರು ಮುಖ್ಯಮಂತ್ರಿಯಾದ ನಂತರ ಎಲ್ಲರ ಬಾಯಿಗೆ ಬಂತು. ರಾಮರಾವ್ ಅವರು 1982ರ ಮಾರ್ಚ್‌ನಲ್ಲಿ ತೆಲುಗು ದೇಶಂ ಕಟ್ಟಿ, 1983ರ ಜನವರಿಯಲ್ಲಿ ಅಧಿಕಾರಕ್ಕೇರಿದರು. 1984ರ ಆಗಸ್ಟ್‌ನಲ್ಲಿ ಪದಚ್ಯುತರಾಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ಗದ್ದುಗೆ ಪಡೆದರು. ಅದೇ ವರ್ಷದ ನವೆಂಬರ್‌ನಲ್ಲಿ ಅವರೇ ನಿರ್ಮಿಸಿ ನಿರ್ದೇಶಿಸಿ ನಟಿಸಿದ, ವೀರಬ್ರಹ್ಮೇಂದ್ರರ ಚರಿತ್ರೆಯನ್ನು ಕುರಿತ ಚಲನಚಿತ್ರ ತೆರೆಕಂಡಿತು. ಗಡಿಯ ಈಚೆಗೂ ಅದು ಜನಜನಿತವಾಯಿತು. ಕಾವಿ ತೊಟ್ಟ ಮುಖ್ಯಮಂತ್ರಿಯೇ ತೆರೆಯ ಮೇಲೆ ಕಾಲಜ್ಞಾನ ನುಡಿಯುವ ಆ ದೃಶ್ಯಕ್ಕಿಂತ ಸ್ಪಷ್ಟವಾಗಿ ಭವಿಷ್ಯವಾಣಿಯೂ ಅಧಿಕಾರವೂ ಒಂದೆಡೆ ಕಂಡುದು ಅಪರೂಪ. ಆದರೂ ತೆಲುಗು ದೇಶಂ ಪಕ್ಷಕ್ಕೆ ಮತ ತಂದುದು ಕಿಲೋಗೆ ಎರಡು ರೂಪಾಯಿಯ ಅಕ್ಕಿ ಮತ್ತು ತೆಲುಗರ ಆತ್ಮಗೌರವದ ಘೋಷಣೆ. ಕಾಲಜ್ಞಾನ ಗೆಲುವಿಗೆ ತೊಡಿಸಿದ ಒಡವೆಯಾಯಿತೇ ಹೊರತು ಗೆಲುವಿನ ಕಾರಣವಾಗಲಿಲ್ಲ.

ಪಿರಮಿಡ್ ಚಳವಳಿ ಈ ಎರಡು ಪರಂಪರೆಗಳಿಗೂ ಸೇರಿದುದಲ್ಲ. ಅದರ ಸ್ಥಾಪಕ ಸುಭಾಷ್ ಪತ್ರಿಯವರು 1947ರಲ್ಲಿ ನಿಜಾಮಾಬಾದ್ ಜಿಲ್ಲೆಯ ಬೋಧನ್ ಬಳಿ ಜನಿಸಿದವರು. ಕೃಷಿ ವಿಜ್ಞಾನ ಓದಿ ರಸಗೊಬ್ಬರ ಕಂಪನಿಯೊಂದರ ಉದ್ಯೋಗದಲ್ಲಿದ್ದು ಕರ್ನೂಲಿನಲ್ಲಿ ನೆಲೆಸಿದರು. ಕೊಳಲು ನುಡಿಸಬಲ್ಲ, ಬಿಳಿಗಡ್ಡದ, ಸರಸವಾಗಿ ಮಾತನಾಡುತ್ತಿದ್ದ ವ್ಯಕ್ತಿ. 1979ರಲ್ಲಿ ತಮಗೆ ಜ್ಞಾನೋದಯವಾಯಿತೆಂದು ಹೇಳಿಕೊಂಡ ಅವರು 1990ರಲ್ಲಿ ಕರ್ನೂಲ್ ಸ್ಪಿರಿಚ್ಯುಯಲ್ ಸೊಸೈಟಿಯನ್ನು ಸ್ಥಾಪಿಸಿದರು. ಮರುವರ್ಷ ಅಲ್ಲೇ ಮೊದಲ ಧ್ಯಾನ ಪಿರಮಿಡ್ ಎದ್ದಿತು. 1992ರಲ್ಲಿ ಅವರು ಉದ್ಯೋಗ ಬಿಟ್ಟು ಪ್ರಚಾರಕ್ಕೆ ನಿಂತರು. ಅಲ್ಲಿಂದ ಮುಂದೆ ಆಂಧ್ರದ ಊರೂರುಗಳಲ್ಲಿ, ಮನೆಗಳ ಮಾಳಿಗೆಗಳ ಮೇಲೆ, ತಗಡು ಮರ ಸಿಮೆಂಟುಗಳ ಪಿರಮಿಡ್ಡುಗಳು ತಲೆಯೆತ್ತಿದವು. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯಿಂದ ಒಳಗೆ ಕೆಬ್ಬೆದೊಡ್ಡಿಯಲ್ಲಿ 160 ಅಡಿ ಚೌಕದ ತಳಹದಿಯ, ಸುಮಾರು 100 ಅಡಿ ಎತ್ತರದ ಮೈತ್ರೇಯ ಬುದ್ಧ ಪಿರಮಿಡ್ ನಿರ್ಮಾಣವಾಯಿತು. ಹೈದರಾಬಾದಿಗೆ ದಕ್ಷಿಣದ ಕಡ್ತಾಲದ ಬಳಿ 2012ರಲ್ಲಿ ಇನ್ನೂ ದೊಡ್ಡದಾದ ಮಹೇಶ್ವರ ಮಹಾಪಿರಮಿಡ್ ಸಿದ್ಧವಾಯಿತು.

ಚಳವಳಿಯ ಬೋಧನೆ ಮೇಲ್ನೋಟಕ್ಕೆ ಸರಳ. ಕಣ್ಣುಮುಚ್ಚಿ ಉಸಿರನ್ನು ಗಮನಿಸುವ ಆನಾಪಾನಸತಿ ಧ್ಯಾನ, ಕಟ್ಟುನಿಟ್ಟಿನ ಸಸ್ಯಾಹಾರ, ಸ್ವಾಧ್ಯಾಯ ಇವು ಅದರ ಮೂರು ಕಂಬಗಳು. ದೀಕ್ಷೆಯಿಲ್ಲ, ಮಂತ್ರವಿಲ್ಲ, ಶುಲ್ಕವಿಲ್ಲ. ಪ್ರತಿಯೊಬ್ಬನೂ ತನಗೆ ತಾನೇ ಗುರುವೆಂಬುದು ಅದರ ಘೋಷಣೆ. ಜಾತಿಮಠಗಳ ಚೌಕಟ್ಟಿನ ಹೊರಗೆ, ಹೆಂಗಸರೂ ಸಣ್ಣ ನೌಕರರೂ ವ್ಯಾಪಾರಿಗಳೂ ಸಮಾನರಾಗಿ ಕುಳಿತು ಧ್ಯಾನಿಸುವ ಅವಕಾಶವನ್ನು ಅದು ಕಲ್ಪಿಸಿತು. ಚಳವಳಿಯ ಹರಡುವಿಕೆಗೆ ಇದೇ ಮುಖ್ಯ ಕಾರಣವೆಂದು ಹೇಳಬೇಕು. ಇದನ್ನು ಮರೆತು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಈ ಸರಳತೆಯ ಹಿಂದೆ ಅತೀಂದ್ರಿಯ ನಂಬಿಕೆಗಳ ದೊಡ್ಡ ಕೋಠಿಯೇ ಇತ್ತು. ಮೂರನೆಯ ಕಣ್ಣು ತೆರೆಯುವುದು, ಸೂಕ್ಷ್ಮ ಶರೀರದ ಯಾನ, ಪೂರ್ವಜನ್ಮ ದರ್ಶನ, ಧ್ಯಾನದಿಂದಲೇ ಸಕಲ ರೋಗ ನಿವಾರಣೆ, ಪಿರಮಿಡ್ಡಿನೊಳಗೆ ಕುಳಿತರೆ ಧ್ಯಾನದ ಬಲ ಮೂರು ಪಟ್ಟಾಗುವುದು ಮುಂತಾದುವು ಅಲ್ಲಿ ವಿಜ್ಞಾನದ ಪರಿಭಾಷೆಯಲ್ಲೇ ನಿರೂಪಿತವಾದುವು. ಉಪನಿಷತ್ತು, ಬುದ್ಧವಚನಗಳ ಪಕ್ಕದಲ್ಲೇ ಲೋಬ್ಸಾಂಗ್ ರಾಂಪಾನ ಪುಸ್ತಕಗಳಿಗೂ, ಅಮೆರಿಕದ ಜೇನ್ ರಾಬರ್ಟ್ಸ್ ಎಂಬಾಕೆ ಸೇತ್ ಎಂಬ ಅಶರೀರಿಯ ನುಡಿಗಳೆಂದು ಪ್ರಕಟಿಸಿದ ಗ್ರಂಥಗಳಿಗೂ ಚಳವಳಿಯ ಓದಿನಲ್ಲಿ ಸ್ಥಾನವಿತ್ತು.

ಈ ಆಕರಗಳ ವಂಶಾವಳಿ ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಪಿರಮಿಡ್ ಶಕ್ತಿಯೆಂಬ ಕಲ್ಪನೆಗೆ ಪ್ರಾಚೀನ ಈಜಿಪ್ಟಿನ ಶಾಸನಗಳಲ್ಲಾಗಲಿ ಭಾರತೀಯ ಯೋಗಗ್ರಂಥಗಳಲ್ಲಾಗಲಿ ಆಧಾರವಿಲ್ಲ. ಅದು 20ನೆಯ ಶತಮಾನದ ಯೂರೋಪಿನ ಸೃಷ್ಟಿ. ಆಂತ್ವಾನ್ ಬೋವಿಸ್ ಎಂಬ ಫ್ರೆಂಚ್ ವ್ಯಾಪಾರಿ ಪಿರಮಿಡ್ ಆಕಾರದ ಮಾದರಿಯಲ್ಲಿಟ್ಟ ಮಾಂಸ ಕೊಳೆಯದೆ ಒಣಗುತ್ತದೆಂದು ಪ್ರತಿಪಾದಿಸಿದ. ಪ್ರಾಗ್‌ನ ರೇಡಿಯೋ ತಂತ್ರಜ್ಞ ಕಾರೆಲ್ ದ್ರ್ಬಾಲ್ ಕ್ಷೌರದ ಅಲಗನ್ನು ರಟ್ಟಿನ ಪಿರಮಿಡ್ಡಿನಡಿ ಇಟ್ಟರೆ ಹರಿತವಾಗಿಯೇ ಉಳಿಯುತ್ತದೆಂದು ಹೇಳಿ 1959ರಲ್ಲಿ ಚೆಕೊಸ್ಲೊವಾಕಿಯಾದ ಪೇಟೆಂಟ್ ಪಡೆದ. 1970ರಲ್ಲಿ ಪ್ರಕಟವಾದ, ಸೋವಿಯತ್ ಬಣದ ಅತೀಂದ್ರಿಯ ಸಂಶೋಧನೆಗಳನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದು ಈ ಕಥೆಯನ್ನು ಅಮೆರಿಕಕ್ಕೆ ಮುಟ್ಟಿಸಿತು. ಆ ದಶಕದಲ್ಲಿ ಪಿರಮಿಡ್ ಶಕ್ತಿಯ ಬಗ್ಗೆ ಹಲವು ಪುಸ್ತಕಗಳು ಹೊರಬಂದು ಅದೊಂದು ಗೀಳೇ ಆಯಿತು. ನಿಯಂತ್ರಿತ ಪರೀಕ್ಷೆಗಳಲ್ಲಿ ಪಿರಮಿಡ್ಡಿಗೂ ಸಾಮಾನ್ಯ ಪೆಟ್ಟಿಗೆಗೂ ವ್ಯತ್ಯಾಸ ಕಂಡುಬರಲಿಲ್ಲ. ಲೋಬ್ಸಾಂಗ್ ರಾಂಪಾನ ಕಥೆಯಂತೂ ಇನ್ನೂ ವಿಚಿತ್ರ. 1956ರಲ್ಲಿ ಪ್ರಕಟವಾದ ಅವನ ಮೊದಲ ಪುಸ್ತಕ ಟಿಬೆಟ್ಟಿನ ಲಾಮಾನೊಬ್ಬನ ಆತ್ಮಕಥೆಯೆಂದು ಪ್ರಸಿದ್ಧವಾಗಿತ್ತು. ಟಿಬೆಟ್ ವಿದ್ವಾಂಸರು ಸಂಶಯಪಟ್ಟು ಪತ್ತೇದಾರನನ್ನು ನೇಮಿಸಿದಾಗ, 1958ರಲ್ಲಿ, ಲೇಖಕ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕೊಳಾಯಿ ಕೆಲಸದವನ ಮಗ ಸಿರಿಲ್ ಹಾಸ್ಕಿನ್ ಎಂದು ಬಯಲಾಯಿತು. ತನ್ನ ದೇಹವನ್ನು ಲಾಮಾನ ಆತ್ಮ ಆವರಿಸಿದೆಯೆಂಬುದು ಅವನ ಸಮರ್ಥನೆಯಾಗಿತ್ತು. ಓದುಗರಲ್ಲಿ ಬಹುಮಂದಿ ಅದನ್ನೇ ಒಪ್ಪಿಕೊಂಡರು. ಟಿಬೆಟ್ಟನ್ನು ಕಾಣದವನ ಟಿಬೆಟ್ಟು ಲಂಡನ್ನಿನ ಪ್ರಕಾಶಕರ ಮೂಲಕ ಕರ್ನೂಲು ಸೀಮೆಯನ್ನು ತಲುಪಿ, ಸನಾತನ ಜ್ಞಾನವೆಂಬ ಹೆಸರಿನಲ್ಲಿ ಭಾರತೀಯರಿಗೇ ಮರಳಿತು!

1999ರಲ್ಲಿ ಪತ್ರಿಯವರು ಪಕ್ಷ ಕಟ್ಟಿದಾಗ ಅವರಿಗೆ ಜಾಗತಿಕ ಪೂರ್ವನಿದರ್ಶನವೊಂದಿತ್ತು. ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಸಂಸ್ಥೆಯ ಅನುಯಾಯಿಗಳು 1992ರಲ್ಲಿ ಬ್ರಿಟನ್ನಿನಲ್ಲಿ ನ್ಯಾಚುರಲ್ ಲಾ ಪಾರ್ಟಿಯನ್ನು ಸ್ಥಾಪಿಸಿ, ಅದೇ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ 310 ಅಭ್ಯರ್ಥಿಗಳನ್ನು ನಿಲ್ಲಿಸಿದರು. ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಪಕ್ಷದ ಸಹಾಯಾರ್ಥ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಹಾಡಿದರು. ಪದ್ಮಾಸನದಲ್ಲಿ ಕುಳಿತು ನೆಗೆಯುವ ಯೋಗಿಕ ಹಾರಾಟ ಅದರ ಪ್ರಚಾರದ ಮುಖ್ಯ ಆಕರ್ಷಣೆಯಾಗಿತ್ತು. ತಲಾ 500 ಪೌಂಡಿನಂತೆ 310 ಠೇವಣಿಗಳೂ ಮುಟ್ಟುಗೋಲಾದವು. ಅಮೆರಿಕದಲ್ಲಿ ಭೌತವಿಜ್ಞಾನಿ ಜಾನ್ ಹೇಗಲಿನ್ 1992, 1996, 2000ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. ಕೆನಡಾದಲ್ಲಿ ಜಾದೂಗಾರ ಡಗ್ ಹೆನಿಂಗ್ ಅಭ್ಯರ್ಥಿಯಾದರು. ಭಾರತದಲ್ಲಿ ಇದೇ ಸಂಸ್ಥೆಯ ಪ್ರೇರಣೆಯಿಂದ ಹುಟ್ಟಿದ ಅಜೇಯ ಭಾರತ ಪಾರ್ಟಿ 1998ರ ಮಧ್ಯಪ್ರದೇಶ ವಿಧಾನಸಭಾ ಚುನಾವಣೆಯಲ್ಲಿ 320 ಸ್ಥಾನಗಳ ಪೈಕಿ ಒಂದನ್ನು ಗೆದ್ದುಕೊಂಡಿತು. ಮಹೇಶ ಯೋಗಿಯವರ ಹುಟ್ಟುನೆಲವೂ ಅದೇ ರಾಜ್ಯದ ಜಬಲ್‌ಪುರ ಪ್ರದೇಶ ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ಪಕ್ಷಗಳ ತರ್ಕದಲ್ಲೇ ಒಂದು ಬಿರುಕಿದೆ. ಜನಸಂಖ್ಯೆಯ ಶೇಕಡಾ ಒಂದರ ವರ್ಗಮೂಲದಷ್ಟು ಮಂದಿ ಒಟ್ಟಾಗಿ ಯೋಗಿಕ ಹಾರಾಟ ನಡೆಸಿದರೆ ಇಡೀ ಸಮಾಜದಲ್ಲಿ ಅಪರಾಧ, ಯುದ್ಧ, ರೋಗಗಳು ಇಳಿಯುತ್ತವೆ ಎಂಬುದು ಮಹೇಶ ಯೋಗಿಯವರ ಸಂಸ್ಥೆಯ ಲೆಕ್ಕ. ಆ ಲೆಕ್ಕದಂತೆ ಹತ್ತು ಲಕ್ಷ ಜನರಿರುವ ಒಂದು ಉಪವಿಭಾಗಕ್ಕೆ ನೂರು ಮಂದಿ ಸಾಕು. ನೂರು ಜನ ಸಾಲುವಲ್ಲಿ ಅರ್ಧ ಲಕ್ಷ ಮತ ಬೇಡುವ ಚುನಾವಣೆಯೇತಕ್ಕೆ? ಪಿರಮಿಡ್ ಚಳವಳಿಯೂ ಇದೇ ಇಕ್ಕಟ್ಟಿನಲ್ಲಿತ್ತು. ಜಗತ್ತೆಲ್ಲ ಧ್ಯಾನಮಯವಾಗುವ ಹೊಸಯುಗವನ್ನು ಅದು ಸಾರುತ್ತಿತ್ತು. 2012ನೆಯ ವರ್ಷವನ್ನು ಅದರ ಹೊಸ್ತಿಲೆಂದು ಕಂಡಿತು. ಯುಗವೇ ಬದಲಾಗಲಿದೆಯೆಂದ ಮೇಲೆ ಐದು ವರ್ಷದ ಅವಧಿಯ ಶಾಸಕಸ್ಥಾನ ಬಹಳ ಸಣ್ಣ ವಸ್ತು. ಪಕ್ಷವೆಂಬುದು ಆ ದೃಷ್ಟಿಯಲ್ಲಿ ಪ್ರಚಾರದ ಮಾಧ್ಯಮ, ಅಭ್ಯರ್ಥಿಯೆಂಬುವನು ಧ್ಯಾನಪ್ರಚಾರಕ. ಧ್ಯಾನಿಗಳೂ ಸಸ್ಯಾಹಾರಿಗಳೂ ಆದವರೇ ಆಳಬೇಕೆಂಬ ಆಧ್ಯಾತ್ಮಿಕ ರಾಜಕಾರಣದ ಘೋಷಣೆಯನ್ನು ಹೊತ್ತು 2004, 2009 ಮತ್ತು 2014ರ ಲೋಕಸಭಾ ಚುನಾವಣೆಗಳಲ್ಲಿ ಪಕ್ಷದ ಅಭ್ಯರ್ಥಿಗಳು ಕಣದಲ್ಲಿದ್ದರು. ಚಲಾಯಿತ ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆಯದವರು ಠೇವಣಿ ಕಳೆದುಕೊಳ್ಳುವರೆಂಬುದು ನಿಯಮ. ಈ ಠೇವಣಿ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಲೋಕಸಭೆಗೆ 10,000 ರೂಪಾಯಿ, ವಿಧಾನಸಭೆಗೆ 5,000 ರೂಪಾಯಿ ಇದ್ದುದು 2010ರಿಂದ ಕ್ರಮವಾಗಿ 25,000 ಮತ್ತು 10,000 ರೂಪಾಯಿಗಳಿಗೆ ಏರಿತು. ಗೆಲ್ಲಲಾಗದ ಪಕ್ಷಕ್ಕೆ ಇದು ಚುನಾವಣಾ ವೆಚ್ಚವೆಂಬುದಕ್ಕಿಂತ ಪ್ರಚಾರಕ್ಕೆ ತೆತ್ತ ಬಾಡಿಗೆಯೆನ್ನುವುದೇ ಹೆಚ್ಚು ಸರಿ.

ಮಧುಗಿರಿ ಸೀಮೆಯ ಬದುಕಿನ ಮುಂದೆ ಈ ಕಾರ್ಯಕ್ರಮವನ್ನಿಟ್ಟು ನೋಡಿದರೆ ಅದರ ನಿರಾಧಾರತೆ ತಾನಾಗಿಯೇ ಕಾಣುತ್ತದೆ. ಮೊದಲನೆಯದಾಗಿ ಸಸ್ಯಾಹಾರದ ಪ್ರಶ್ನೆ. ಶಿರಾ, ಪಾವಗಡ, ಮಧುಗಿರಿಗಳ ಬೆಂಗಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಸೇರಿಸುವುದು ಕುರಿಹಿಂಡು. ಕುರುಬರು, ಕಾಡುಗೊಲ್ಲರು ಮಾತ್ರವಲ್ಲದೆ ಸಣ್ಣ ಹಿಡುವಳಿಯ ಎಲ್ಲ ಜಾತಿಯ ರೈತರಿಗೂ ಕುರಿ ಮೇಕೆಗಳು ನಡೆದಾಡುವ ಉಳಿತಾಯದ ಹಣ. ಸಂತೆಯಲ್ಲಿ ಟಗರು ಮಾರಿದ ದುಡ್ಡಿನಿಂದ ಮಗಳ ಮದುವೆಯೋ ಕೊಳವೆ ಬಾವಿಯೋ ಆಗಬೇಕು. ಮಾಂಸಾಹಾರವೇ ಲೋಕದ ದುಃಖಕ್ಕೆ ಮೂಲವೆನ್ನುವ ಪಕ್ಷ ಇಂಥ ಮನೆಗಳ ಬಾಗಿಲಲ್ಲಿ ನಿಂತು ಏನನ್ನು ಕೇಳಬಲ್ಲದು? ಮಾರಮ್ಮನ ಜಾತ್ರೆಯ ಬಾಡೂಟ ಬರೇ ಊಟವಲ್ಲ. ನೆಂಟರು ಬೀಗರು ಒಂದುಗೂಡಿ ಹಳೆಯ ವೈಮನಸ್ಸುಗಳು ತೀರುವ ಸಂದರ್ಭವದು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ 1959ರಿಂದಲೂ ಇದೆ. ಜಾತ್ರೆಗಳು ಅದರೊಡನೆ ಹೇಗೋ ಹೊಂದಿಕೊಂಡು ನಡೆದಿವೆ. ಕಾಯಿದೆಗೆ ಆಗದುದು ಪ್ರಣಾಳಿಕೆಯೊಂದರಿಂದ ಆಗುವಂತಿರಲಿಲ್ಲ.

ಎರಡನೆಯದು, ನೀರು. 2020ರ ನವೆಂಬರ್‌ನಲ್ಲಿ ಶಿರಾ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ವಿಷಯ ಪ್ರಚಾರದ ಮುಂಚೂಣಿಗೆ ಬಂತು; ಮುಖ್ಯಮಂತ್ರಿಗಳೇ ಕೆರೆ ತುಂಬಿಸುವ ಭರವಸೆ ಕೊಟ್ಟರು. ಪಾವಗಡದಲ್ಲಿ ಫ್ಲೋರೈಡ್ ಬೆರೆತ ಅಂತರ್ಜಲ ಹಲವು ತಲೆಮಾರುಗಳ ಹಲ್ಲು ಮೂಳೆಗಳನ್ನು ಕೆಡಿಸಿದೆ. ಅಲ್ಲಿನ ಮತದಾರನಿಗೆ ರೋಗವೆಂಬುದು ವಿಶ್ವಶಕ್ತಿಯ ಕೊರತೆಯಲ್ಲ, ಕೊಡದೊಳಗಿನ ನೀರು. ಶಕ್ತಿಯ ಮಾತು ಬಂದರೂ ಅಷ್ಟೆ. ಅದೇ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದು 2019ರ ಅಂತ್ಯಕ್ಕೆ ಪೂರ್ಣಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆ, ಭೂಮಿಯಿಲ್ಲದ ಕೂಲಿಗಾರರ ಗತಿ, ಸ್ಥಳೀಯರಿಗೆ ಉದ್ಯೋಗ ಇವು ಅಲ್ಲಿ ರಾಜಕೀಯ ಚರ್ಚೆಯ ವಸ್ತುಗಳಾದವು. ಇದಲ್ಲದೆ ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2008ರ ಪುನರ್ವಿಂಗಡಣೆಯ ನಂತರ ಕೊರಟಗೆರೆಯೂ ಹಾಗೆಯೇ, ಅದಕ್ಕೆ ಮೊದಲು ಮಧುಗಿರಿ ಮೀಸಲಾಗಿತ್ತು. ಪ್ರಾತಿನಿಧ್ಯವೆಂಬುದು ಪಡೆದ ಹಕ್ಕು, ಕಳೆಯಲಾಗದ ಹಕ್ಕು ಎಂಬ ಅರಿವು ಇಲ್ಲಿನ ಮತದಾನಕ್ಕೆ ತೂಕ ತಂದಿದೆ. ಆತ್ಮಕ್ಕೆ ಜಾತಿಯಿಲ್ಲವೆಂಬ ಪಿರಮಿಡ್ ಪಕ್ಷದ ಮಾತು ಸತ್ಯವೇ ಇರಬಹುದು. ಕೇರಿಯ ಕೊಳಾಯಿಗೆ ಜಾತಿಯಿದ್ದುದನ್ನು ಕಂಡವರಿಗೆ ಅದರಿಂದ ಪ್ರಯೋಜನವಿಲ್ಲ.

ಮೂರನೆಯ ಕಾರಣ ನಂಬಿಕೆಯ ಒಳಗಿನದೇ. ಹರಕೆಯ ದೈವ ಊರಿನದು, ಹೆಸರುಳ್ಳದ್ದು, ಮುನಿಯಬಲ್ಲದ್ದು, ಒಲಿಯಬಲ್ಲದ್ದು. ಪಿರಮಿಡ್ಡಿನ ಶಕ್ತಿಗೆ ಊರಿಲ್ಲ, ಜಾತ್ರೆಯಿಲ್ಲ, ಕೋಪತಾಪಗಳಿಲ್ಲ. ಅದನ್ನು ಬೇಡಿಕೊಳ್ಳಲು ಬರುವುದಿಲ್ಲ. ಸುಮ್ಮನೆ ಕುಳಿತು ಪಡೆಯಬೇಕು. ಶನಿವಾರ ಪಾವಗಡದಲ್ಲಿ ಸರದಿಯಲ್ಲಿ ನಿಲ್ಲುವ ಭಕ್ತನಿಗೂ ಕೆಬ್ಬೆದೊಡ್ಡಿಯ ಪಿರಮಿಡ್ಡಿನಲ್ಲಿ ಕಣ್ಣುಮುಚ್ಚುವ ಧ್ಯಾನಿಗೂ ಇರುವ ಅಂತರ, ಭಕ್ತನಿಗೂ ನಾಸ್ತಿಕನಿಗೂ ಇರುವ ಅಂತರಕ್ಕಿಂತ ಕಡಿಮೆಯದೇನಲ್ಲ. ಅತೀಂದ್ರಿಯವನ್ನು ನಂಬುವ ಜನ ಅತೀಂದ್ರಿಯದ ಪಕ್ಷವನ್ನೂ ನಂಬಿಯಾರೆಂಬ ಊಹೆ ಈ ಅಂತರವನ್ನು ಗಮನಿಸದೆ ಹುಟ್ಟಿದುದು.

ಇನ್ನು ಕಾನೂನಿನ ದೃಷ್ಟಿಯಿಂದ ಈ ಪಕ್ಷದ ಸ್ಥಾನವೇನೆಂಬುದು ವಿಚಾರಾರ್ಹ. 1951ರ ಜನತಾ ಪ್ರಾತಿನಿಧ್ಯ ಅಧಿನಿಯಮದ 123ನೆಯ ಪ್ರಕರಣವು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆಯೆನ್ನುತ್ತದೆ. ಹೀಗೆ ಮಾಡದಿದ್ದರೆ ದೈವಕೋಪಕ್ಕೆ ಗುರಿಯಾಗುವೆಯೆಂದು ಮತದಾರನನ್ನು ನಂಬಿಸಲೆತ್ನಿಸುವುದನ್ನೂ ಅನುಚಿತ ಪ್ರಭಾವವೆಂದು ಪರಿಗಣಿಸುತ್ತದೆ. 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಿಂದ ಅಭ್ಯರ್ಥಿಯ ಧರ್ಮದ ಜೊತೆಗೆ ಮತದಾರನ ಧರ್ಮವನ್ನೂ ಈ ನಿಷೇಧದ ವ್ಯಾಪ್ತಿಗೆ ತಂದಿತು. ಪಕ್ಷಗಳ ನೋಂದಣಿಗೆ ಸಂಬಂಧಿಸಿದ 29ಎ ಪ್ರಕರಣ ಸಂವಿಧಾನಕ್ಕೂ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ತ್ವಗಳಿಗೂ ನಿಷ್ಠೆ ಘೋಷಿಸುವಂತೆ ವಿಧಿಸುತ್ತದೆ. ಪಿರಮಿಡ್ ಪಕ್ಷಕ್ಕೆ ಇವು ಯಾವುವೂ ಅಡ್ಡಿಯಾಗಲಿಲ್ಲ. ತನ್ನದು ಮತವಲ್ಲ, ಆಧ್ಯಾತ್ಮಿಕ ವಿಜ್ಞಾನ ಎಂಬುದು ಅದರ ಮೂಲ ನಿಲುವು. ಧರ್ಮವೆಂದರೆ ಕಾನೂನು ತಡೆಯುತ್ತದೆ, ವಿಜ್ಞಾನವೆಂದರೆ ತಡೆಯುವುದಿಲ್ಲ. ಆದರೆ ವಿಜ್ಞಾನವೆಂದವನು ಪರೀಕ್ಷೆಗೆ ಒಪ್ಪಬೇಕಾಗುತ್ತದೆ. ಆ ಪರೀಕ್ಷೆಯನ್ನು ಯಾರು ನಡೆಸಬೇಕೆಂಬುದಕ್ಕೆ ಚುನಾವಣಾ ಕಾನೂನಿನಲ್ಲಿ ಉತ್ತರವಿಲ್ಲ.

ಉತ್ತರ ಹುಡುಕುವ ಒಂದು ಪ್ರಯತ್ನ ಈ ಸೀಮೆಯ ನೆರೆಯವರಿಂದಲೇ ನಡೆದಿತ್ತು. ಮಧುಗಿರಿ, ಕೊರಟಗೆರೆಗಳಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಅವರ ಹುಟ್ಟೂರಿನಿಂದ ಪುಟ್ಟಪರ್ತಿ ದೂರವಲ್ಲ. ವಿಭೂತಿ ಸೃಷ್ಟಿಯನ್ನು ಸಮಿತಿಯ ಮುಂದೆ ತೋರಿಸುವಂತೆ ಕೋರಿ ಅವರು ಸತ್ಯಸಾಯಿ ಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅದೇ ವರ್ಷ 42ನೆಯ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದದಲ್ಲಿ ಸೇರ್ಪಡೆಯಾಯಿತು. ನರಸಿಂಹಯ್ಯನವರ ಪ್ರಶ್ನೆ ವ್ಯಕ್ತಿಯೊಬ್ಬರ ಮೇಲಿನ ದ್ವೇಷದಿಂದ ಹುಟ್ಟಿದುದಲ್ಲ. ಹೇಳಿಕೆಗೆ ಪುರಾವೆ ಬೇಕೆಂಬ ಗಾಂಧಿವಾದಿ ಭೌತಶಾಸ್ತ್ರ ಅಧ್ಯಾಪಕನ ಸರಳ ಪಟ್ಟು ಅದು. ಪಿರಮಿಡ್ಡಿನಲ್ಲಿ ಧ್ಯಾನದ ಬಲ ಮೂರು ಪಟ್ಟಾಗುತ್ತದೆಂಬ ಹೇಳಿಕೆಗೂ ಆ ಪಟ್ಟು ಸಲ್ಲುತ್ತದೆ.

ಆದರೆ ಸಣ್ಣ ಪಕ್ಷವೊಂದನ್ನೇ ಬೊಟ್ಟುಮಾಡಿ ತೋರಿಸುವುದು ಅರ್ಧ ಇತಿಹಾಸ. ಪಿರಮಿಡ್ ಪಕ್ಷ ತನ್ನ ನಂಬಿಕೆಯನ್ನು ಹೆಸರಿನಲ್ಲೇ ಬರೆದುಕೊಂಡು ಮತದಾರನ ಮುಂದೆ ಬಂತು. ಮತದಾರ ನೋಡಿ ಬೇಡವೆಂದ. ದೊಡ್ಡ ಪಕ್ಷಗಳ ನಾಯಕರ ಇಂಥ ನಂಬಿಕೆಗಳು ಮತಕ್ಕೆ ಹಾಕಲ್ಪಡುವುದಿಲ್ಲ. ಅವು ಆಡಳಿತದೊಳಗೆ ಹಿಂಬಾಗಿಲಿನಿಂದ ಪ್ರವೇಶಿಸುತ್ತವೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ನಂಬಿಕೆಯಿಂದ ಆ ಪಟ್ಟಣ ಎಷ್ಟೋ ವರ್ಷ ಮುಖ್ಯಮಂತ್ರಿಗಳ ಭೇಟಿಯಿಂದ ವಂಚಿತವಾಯಿತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಅಲ್ಲಿಗೆ ಹಲವು ಸಲ ಹೋಗಿಯೂ ಐದು ವರ್ಷ ಪೂರೈಸಿದರು. 2011ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ವಿರೋಧಿಗಳು ತಮ್ಮನ್ನು ಮುಗಿಸಲು ವಾಮಾಚಾರ ಮಾಡಿಸುತ್ತಿದ್ದಾರೆಂದು ಬಹಿರಂಗವಾಗಿ ಆರೋಪಿಸಿದರು. ಅದೇ ವರ್ಷದ ಜೂನ್‌ನಲ್ಲಿ ಅವರಿಗೂ ಎಚ್.ಡಿ. ಕುಮಾರಸ್ವಾಮಿಯವರಿಗೂ ನಡುವೆ ಎದ್ದ ವಿವಾದ ಧರ್ಮಸ್ಥಳದ ಮಂಜುನಾಥನ ಸನ್ನಿಧಿಯಲ್ಲಿ ಆಣೆ ಮಾಡುವ ಸವಾಲಿಗೆ ತಿರುಗಿ, ಇಬ್ಬರೂ ಅಲ್ಲಿಗೆ ಹೋಗಿಬಂದರು. ಕಣ್ಣಿಗೆ ಕಾಣದ ಕೈಗಳು ತಮ್ಮ ವಿರುದ್ಧ ಮಾಟ ಮಾಡಿಸುತ್ತಿವೆಯೆಂಬ ಸಂಚಿನ ಕಲ್ಪನೆ ಕರ್ನಾಟಕದಲ್ಲಿ ಅಂಚಿನ ಪಕ್ಷಗಳ ಸೊತ್ತಾಗಿರಲಿಲ್ಲ. ಅದು ವಿಧಾನಸೌಧದ ಭಾಷೆಯಾಗಿತ್ತು.

ಈ ಹಿನ್ನೆಲೆಯಲ್ಲಿ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರಗಳ ಪ್ರತಿಬಂಧಕ ಹಾಗೂ ನಿರ್ಮೂಲನೆ ಅಧಿನಿಯಮದ ಕಥೆ ಮಹತ್ವದ್ದು. 2013ರಲ್ಲಿ ಅದರ ಕರಡು ಸಿದ್ಧವಾದಾಗ ಎದ್ದ ವಿರೋಧದಿಂದ ನಾಲ್ಕು ವರ್ಷ ನನೆಗುದಿಗೆ ಬಿದ್ದು, 2017ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟದ ಒಪ್ಪಿಗೆ ಪಡೆದು, ನವೆಂಬರ್‌ನಲ್ಲಿ ವಿಧಾನಮಂಡಲದ ಅಂಗೀಕಾರಕ್ಕೆ ಪಾತ್ರವಾಯಿತು. ಆ ಸಂಪುಟದಲ್ಲಿ ಕಾನೂನು ಖಾತೆ ಹೊಂದಿದ್ದವರು ಶಿರಾ ಕ್ಷೇತ್ರದ ಶಾಸಕ ಟಿ.ಬಿ. ಜಯಚಂದ್ರ ಅವರು. ಅಧಿನಿಯಮ ಜಾರಿಗೆ ಬಂದುದು 2020ರ ಜನವರಿಯಲ್ಲಿ. ಮಾಟದ ಹೆಸರಿನ ಹಿಂಸೆ, ಬೆತ್ತಲೆ ಸೇವೆ, ಎಂಜಲೆಲೆಯ ಮೇಲೆ ಉರುಳುವ ಪದ್ಧತಿ ಮುಂತಾದುವು ಅದರಡಿ ಅಪರಾಧಗಳಾದವು. ಜ್ಯೋತಿಷ್ಯ ಮತ್ತು ವಾಸ್ತು ಮಾತ್ರ ಹೊರಗುಳಿದವು. ಶಾಸಕರ ಮನೆಗಳಿಗೂ ಸಚಿವರ ಕೊಠಡಿಗಳಿಗೂ ಅತಿ ಹೆಚ್ಚು ಬಳಕೆಯಾಗುವ ಎರಡು ಶಾಸ್ತ್ರಗಳೇ ವಿನಾಯಿತಿ ಪಡೆದುದು ಆಕಸ್ಮಿಕವೆಂದು ಭಾವಿಸಲು ಕಾರಣವಿಲ್ಲ. ಧ್ಯಾನ, ಪಿರಮಿಡ್ ಶಕ್ತಿ, ಸೂಕ್ಷ್ಮಯಾನಗಳ ಪ್ರಸ್ತಾಪವೇ ಅದರ ಅನುಸೂಚಿಯಲ್ಲಿ ಇಲ್ಲ. ಅವುಗಳಲ್ಲಿ ಹಿಂಸೆಯಿಲ್ಲವಾದ್ದರಿಂದ ಇರಬೇಕಾಗಿಯೂ ಇಲ್ಲ. ರೋಗಿಯೊಬ್ಬ ಧ್ಯಾನವನ್ನೇ ನಂಬಿ ಔಷಧ ಬಿಟ್ಟರೆ ಹೊಣೆ ಯಾರದೆಂಬ ಪ್ರಶ್ನೆಯೊಂದು ಮಾತ್ರ ಹಾಗೆಯೇ ಉಳಿದಿದೆ.

ಸುಭಾಷ್ ಪತ್ರಿಯವರು 2022ರ ಜುಲೈ 24ರಂದು ಕಡ್ತಾಲದಲ್ಲಿ ನಿಧನರಾದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದು ಪಾವಗಡ, ಮಧುಗಿರಿಗಳ ಪೂರ್ವದಲ್ಲಿ ಹೊಸ ಜಿಲ್ಲೆಯೊಂದು ರೂಪುಗೊಂಡಿತ್ತು. ಪುಟ್ಟಪರ್ತಿಯನ್ನು ಕೇಂದ್ರವಾಗುಳ್ಳ ಆ ಜಿಲ್ಲೆಗೆ ಆಂಧ್ರ ಸರ್ಕಾರ ಇಟ್ಟ ಹೆಸರು ಶ್ರೀ ಸತ್ಯಸಾಯಿ. ಯಾವ ಚುನಾವಣೆಗೂ ನಿಲ್ಲದ, ಯಾವ ಪಕ್ಷವನ್ನೂ ಕಟ್ಟದ ಬಾಬಾ ಅವರ ಹೆಸರು ಹೀಗೆ ಕಂದಾಯ ದಾಖಲೆಗಳಲ್ಲಿ ನೆಲೆಗೊಂಡಿತು.